ಮೂರಂತಸ್ತಿನ ಕಿರೀಟ

ನಮ್ಮೂರಿನ ಅನುಕೂಲಸ್ಥರ ಮನೆಗಳಲ್ಲಿ ಇಬ್ಬರು ಸಂತ ಕ್ಲೆಮೆಂತರು ಇರುತ್ತಾರೆ. ಒಬ್ಬರು ನಡುಮನೆಯವರು, ಇನ್ನೊಬ್ಬರು ಅಡುಗೆಮನೆಯವರು. ನಡುಮನೆಯ ಕ್ಲೆಮೆಂತರಿಗೆ ತಲೆಯ ಮೇಲೆ ಮೂರಂತಸ್ತಿನ ಚಿನ್ನದ ಕಿರೀಟ, ಮೈಮೇಲೆ ಜರಿಯ ನಿಲುವಂಗಿ, ಕೂರಲು ಸಿಂಹಾಸನ. ಎರಡು ಬೆರಳೆತ್ತಿ ಬಂದವರನ್ನೆಲ್ಲ ಆಶೀರ್ವದಿಸುತ್ತಿರುತ್ತಾರೆ. ಅಡುಗೆಮನೆಯವರದು ಬರಿದಲೆ, ಬರಿಗಾಲು. ಸೊಂಟ ಬಗ್ಗಿಸಿ ಒಂದು ಕುರಿಮರಿಯ ಕಾಲಬುಡದಲ್ಲಿ ನೆಲ ಕೆದಕುತ್ತಿರುತ್ತಾರೆ. ಅಲ್ಲಿಂದ ನೀರು ಬರುತ್ತದೆ. ಚಿತ್ರದೊಳಗೂ ಬರುತ್ತದೆ, ಚಿತ್ರದಿಂದಾಚೆ ಕೆಳಗಿಟ್ಟ ಕೊಡಕ್ಕೂ ಬರುತ್ತದೆ. ಊರಿನಲ್ಲಿ ಬಾವಿಯಿಲ್ಲ, ಕೆರೆಯಿಲ್ಲ, ಹೊಳೆಯಿಲ್ಲ. ಇರುವುದು ಕಲ್ಲು ಮತ್ತು ಕ್ಲೆಮೆಂತರು.

ಚೌಕಟ್ಟಿನ ಕೆಳಗೆ ತಗಡಿನ ದೋಣಿ ಕಟ್ಟಿ, ಅದರ ಬಾಯಿಗೆ ಹಳೇ ಪಂಚೆಯ ತುಂಡು ಬಿಗಿದು ನೀರು ಹಿಡಿಯುತ್ತಾರೆ. ಹೊಸ ಚಿತ್ರದ ನೀರಿಗೆ ಒಂದು ತಿಂಗಳು ಅಗಸೆ ಎಣ್ಣೆಯ ವಾಸನೆ ಇರುತ್ತದೆ, ಅದನ್ನು ಬಾಳೆಗಿಡಕ್ಕೆ ಹಾಕುತ್ತಾರೆ. ಅಚ್ಚು ಹಾಕಿದ ಪಟದಿಂದ ಒಂದು ಹನಿಯೂ ಬೀಳುವುದಿಲ್ಲ; ಕೈಯಲ್ಲೇ ಬರೆದಿರಬೇಕು. ಬೆಳಗಿನ ಪೂಜೆ ಮುಗಿಸಿ ಹೊರಬಂದ ಹೆಂಗಸರು ದೇವಾಲಯದ ಮೆಟ್ಟಿಲ ಮೇಲೆ ನಿಂತು, "ನಿಮ್ಮನೆ ಕ್ಲೆಮೆಂತರು ಹೆಂಗವ್ರೆ?" ಎಂದು ಕೇಳಿಕೊಳ್ಳುತ್ತಾರೆ. "ಬೆಳಗ್ಗೆ ಜೋರಾಗವ್ರೆ ಕಣಕ್ಕ, ಹೊತ್ತೇರಿದ್ಮೇಲೆ ಸಣ್ಣಗಾಗ್ತಾರೆ." "ನಮ್ಮೋರು ಮೊನ್ನೆಯಿಂದ ಒಂಥರಾ ಒಗರು. ಹಸಿರು ಬಣ್ಣ ಬುಡ್ತಾವ್ರೋ ಏನೋ." ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಅಡುಗೆಮನೆಗೆ ಹೋಗಿ ದೋಣಿಯ ಕೆಳಗೆ ಕೈಯೊಡ್ಡಿ ಬರುವುದುಂಟು.

ಕಿರೀಟ ಹಾಕಿಕೊಂಡವರು ನೀರು ಕೊಡುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಆಡದೆ ಇರಲಿಕ್ಕಾಗಿಯೇ ನಡುಮನೆ ಬೇರೆ, ಅಡುಗೆಮನೆ ಬೇರೆ.

ಇವರನ್ನೆಲ್ಲ ಬರೆದವನು ನಾನು. ಹೆಸರು ಅಂತಪ್ಪ. ನಮ್ಮಪ್ಪನೂ ಇದನ್ನೇ ಬರೆದ. ಅವನಿಗೂ ನನಗೂ ಇರುವ ವ್ಯತ್ಯಾಸವೆಂದರೆ ನಾನು ಓದಿದವನು. ಫಾದರುಗಳಿರುವ ಗುರುಮನೆಯ ಅಟ್ಟದಲ್ಲಿ ಇಲಿ ತಿಂದುಳಿದ ಸಂತರ ಚರಿತ್ರೆಗಳನ್ನೆಲ್ಲ ಓದಿ ಮುಗಿಸಿದ್ದೇನೆ. ಕ್ಲೆಮೆಂತರು ಪೇತ್ರರಿಂದ ಎಣಿಸಿದರೆ ನಾಲ್ಕನೆಯ ಜಗದ್ಗುರು, ಅಂದರೆ ಪೋಪರು. ಚಕ್ರವರ್ತಿ ಅವರನ್ನು ಹಿಡಿಸಿ ದೂರದ ಕಲ್ಲುಗಣಿಗೆ ಅಟ್ಟಿದ. ಅಲ್ಲಿ ಕಲ್ಲು ಒಡೆಯುವ ಕೈದಿಗಳು ನೀರಿಲ್ಲದೆ ಒಣಗುತ್ತಿದ್ದರು. ಒಂದು ಕುರಿಮರಿ ಕಾಲೆತ್ತಿ ಜಾಗ ತೋರಿಸಿತು, ಇವರು ಕೆದಕಿದರು, ನೀರು ಬಂತು. ಕೈದಿಗಳಿಗೆ ನೀರು ಕೊಟ್ಟ ತಪ್ಪಿಗೆ ಕುತ್ತಿಗೆಗೆ ಲಂಗರು ಕಟ್ಟಿ ಸಮುದ್ರಕ್ಕೆ ಎಸೆದರು. ಕಥೆ ಇಷ್ಟು. ಇದರಲ್ಲಿ ಕಿರೀಟ ಎಲ್ಲಿಂದ ಬಂತು? ಆ ಕಾಲದ ಜಗದ್ಗುರುಗಳಿಗೆ ತಲೆಯ ಮೇಲೆ ಕಿರೀಟ ನಿಲ್ಲುವುದಿರಲಿ, ಕುತ್ತಿಗೆಯ ಮೇಲೆ ತಲೆ ನಿಲ್ಲುವುದೇ ಕಷ್ಟವಿತ್ತು. ಮೂರಂತಸ್ತಿನ ಕಿರೀಟ ಹುಟ್ಟಿದ್ದು ಅವರು ಮುಳುಗಿ ಸಾವಿರದ ಇನ್ನೂರು ವರ್ಷವಾದ ಮೇಲೆ. ಆಮೇಲಿನ ಚಿತ್ರಕಾರರು ತಮ್ಮ ಕಾಲದ ಜಗದ್ಗುರುಗಳನ್ನು ನೋಡಿಕೊಂಡು ಹಿಂದಿನವರ ತಲೆಗೂ ಅದನ್ನೇ ಇಟ್ಟರು. ಕಿರೀಟ ಇಡಿಸಿದವರು ಎದುರಿಗಿದ್ದರು, ಊಟ ಹಾಕುತ್ತಿದ್ದರು. ಕ್ಲೆಮೆಂತರು ಸಮುದ್ರದ ತಳದಲ್ಲಿದ್ದರು.

ಇಷ್ಟೆಲ್ಲ ತಿಳಿದೂ ನಾನು ಇನ್ನೂರು ತಲೆಗಳ ಮೇಲಾದರೂ ಆ ಕಿರೀಟ ಇಟ್ಟಿದ್ದೇನೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು.

ಊರಿನ ಪಡುವಲಿಗೆ ಬಂಡೆಕೇರಿ. ನಲವತ್ತು ಮನೆ. ಗಂಡಸರು ಹೆಂಗಸರು ಎಲ್ಲರೂ ಕಲ್ಲು ಒಡೆಯುವವರು. ಮನೆಯೆಂದರೆ ಒಂದೇ ಕೋಣೆ; ಅಡುಗೆ ಬಾಗಿಲಾಚೆ, ಮೂರು ಕಲ್ಲಿನ ಮೇಲೆ. ಅವರಿಗೆಲ್ಲ ಸೇರಿ ಒಬ್ಬರೇ ಕ್ಲೆಮೆಂತರು, ಕೇರಿಯ ಬಾಯಲ್ಲಿ ಕಲ್ಲುಗೋಡೆಗೆ ಗಾರೆ ಹಾಕಿ ಕೂರಿಸಿದ ಹಲಗೆಯ ಮೇಲೆ. ಅದನ್ನು ಬರೆದವನು ಚೌರಪ್ಪ, ಅವನೂ ಕಲ್ಲು ಒಡೆಯುವವನೇ. ದೀಪದ ಮಸಿ, ಕೆಮ್ಮಣ್ಣು, ಸುಣ್ಣ ಬಿಟ್ಟರೆ ಬೇರೆ ಬಣ್ಣ ಕಂಡವನಲ್ಲ. ಅವನ ಸಂತರ ತಲೆಗೆ ಬೆವರೊರೆಸುವ ಟವಲು ಸುತ್ತಿದೆ. ಸಮುದ್ರವನ್ನೇ ನೋಡದ ಈ ಊರಿನಲ್ಲಿ ಲಂಗರು ಹೇಗಿರುತ್ತದೆಂದು ನನಗೇ ಸರಿಯಾಗಿ ಗೊತ್ತಿಲ್ಲ; ಅಪ್ಪನಿಂದ ನಕಲು ಮಾಡಿ ಮಾಡಿ ನನ್ನ ಲಂಗರು ಮೀನಿನ ಮುಳ್ಳಿನಂತಾಗಿದೆ. ಚೌರಪ್ಪ ಆ ತಂಟೆಗೇ ಹೋಗದೆ ಸಂತರ ಕುತ್ತಿಗೆಗೆ ಒಂದು ಪಿಕಾಸಿ ನೇತುಹಾಕಿದ್ದ. ಮೊದಲ ಸಲ ನೋಡಿದಾಗ ನಾನು ಹುಡುಗುಬುದ್ಧಿಯಲ್ಲಿ ನಕ್ಕೆ. "ಇದೇನ್ ಚೌರಪ್ಪಣ್ಣ, ಕುರಿನಾ ನಾಯಿನಾ?" ಎಂದೆ. ಅವನು ಸೊಟ್ಟ ಲೋಟವೊಂದನ್ನು ನನ್ನ ಕೈಗಿಟ್ಟ. "ಮೊದ್ಲು ಕುಡಿ, ಆಮೇಲ್ ಕೇಳು" ಎಂದ.

ಆ ನಾಯಿಯಂಥ ಕುರಿಯ ಕಾಲಿನಿಂದ ಹೆಬ್ಬೆರಳು ದಪ್ಪ ನೀರು ಹಗಲೂ ರಾತ್ರಿ ಬರುತ್ತಿತ್ತು. ನಾನು ಬರೆದ ಯಾವ ಕ್ಲೆಮೆಂತರೂ ಅಷ್ಟು ಕೊಟ್ಟವರಲ್ಲ. ಚೌರಪ್ಪ ಸತ್ತ ಮೇಲೆ ಅವನ ಮಗಳು ಮದಲೇನಮ್ಮ ಆ ಹಲಗೆಯನ್ನು ನೋಡಿಕೊಂಡಳು. ಅರವತ್ತು ದಾಟಿದ ಹೆಂಗಸು. ವಾರಕ್ಕೊಮ್ಮೆ ಹೊಂಗೆಣ್ಣೆಯಲ್ಲಿ ಒರೆಸುವುದು, ಕೊಡಗಳ ಸಾಲು ಕೆಡದಂತೆ ಕಾಯುವುದು, ಸಾಲು ಕೆಡಿಸಿದವರ ವಂಶ ಬಿಡಿಸಿ ಹೇಳುವುದು, ಎಲ್ಲ ಅವಳದೇ ಕೆಲಸ.

ಈ ಸಲದ ಸಂತ ಕ್ಲೆಮೆಂತರ ಹಬ್ಬಕ್ಕೆ ಪಟ್ಟಣದ ಬಿಷಪ್ಪರು, ನಮ್ಮ ಧರ್ಮಾಧ್ಯಕ್ಷರು, ಬರುತ್ತಾರೆಂದು ಸುದ್ದಿಯಾಯಿತು. ದೇವಾಲಯದ ಸಮಿತಿ ಸೇರಿತು. ಅಧ್ಯಕ್ಷರು ದೊರೆರಾಜು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಎದುರಿಗಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುವ ದೃಷ್ಟಿ ನಿವೃತ್ತವಾಗಿಲ್ಲ. ನನ್ನನ್ನು ಕರೆಸಿ ನಿಯಮಾವಳಿ ಓದಿದರು: "ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳಗಳಲ್ಲಿ ಪರಮಪೂಜ್ಯ ಜಗದ್ಗುರುಗಳನ್ನು ಕಿರೀಟವಿಲ್ಲದೆ ಚಿತ್ರಿಸತಕ್ಕದ್ದಲ್ಲ." ಓದಿ ಕನ್ನಡಕ ತೆಗೆದು, "ಬಂಡೆಕೇರಿ ಚಿತ್ರ ರಸ್ತೇಲಿದೆ ಅಂತಪ್ಪ. ಧರ್ಮಾಧ್ಯಕ್ಷರ ಕಾರು ಆ ಕಡೆಯಿಂದ್ಲೇ ಬರೋದು. ಜಗದ್ಗುರುಗಳ ತಲೆಗೆ ಟವಲು! ಏನಂದ್ಕೋತಾರೆ ಅವರು?" ಎಂದರು.

"ಮೇಷ್ಟ್ರೇ, ನೀರು?" ಎಂದೆ.

"ಯಾವ ನೀರು?" ಎಂದರು ಮೇಷ್ಟ್ರು. ಹನ್ನೊಂದು ಜನ ಸದಸ್ಯರು. ಬೆಳಗ್ಗೆ ಹನ್ನೊಂದು ಅಡುಗೆಮನೆಗಳ ನೀರಿನಲ್ಲಿ ಮುಖ ತೊಳೆದು ಬಂದವರು. ಒಬ್ಬರಿಗೂ ಯಾವ ನೀರೆಂದು ನೆನಪಾಗಲಿಲ್ಲ. ಸಭೆಯಲ್ಲಿ ನೀರಿನ ಮಾತು ಎತ್ತುವುದು ಊಟದ ಎಲೆಯ ಮುಂದೆ ಕಕ್ಕಸಿನ ಮಾತೆತ್ತಿದ ಹಾಗೆ.

"ಆ ಒಂದು ದಿನ ಬಟ್ಟೆ ಮುಚ್ಚಿದ್ರೆ ಆಗೋಲ್ವ?" ಎಂದೆ. "ಸಂತರ ಸ್ವರೂಪಗಳಿಗೆ ಮುಸುಕು ಹಾಕೋದು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾತ್ರ. ಹಬ್ಬದ ದಿನ ಸಂತರಿಗೆ ಮುಸುಕು ಹಾಕ್ತಾರೇನ್ರಿ?" ಎಂದರು. ನಾನು ನಮ್ಮ ದೇವಾಲಯದ ವಿಚಾರಣೆ ಗುರುಗಳಾದ ಫಾದರ್ ಇನ್ನಾಸಪ್ಪನವರ ಮುಖ ನೋಡಿದೆ. ಒಳ್ಳೆಯ ಮನುಷ್ಯರು. ಒಳ್ಳೆಯ ಮನುಷ್ಯರಾಗಿ ಉಳಿಯಲು ಎಷ್ಟು ಕಡಿಮೆ ಮಾತಾಡಬೇಕೋ ಅಷ್ಟು ಕಡಿಮೆ ಮಾತಾಡುವವರು. "ಒಂದು ದಿನದ ಮಾತಲ್ವೇನಪ್ಪ, ಹಬ್ಬ ಕಳೆದ ಮೇಲೆ ತೆಗೆದರಾಯ್ತು" ಎಂದರು.

ಹಬ್ಬದ ಹಿಂದಿನ ಬೆಳಗ್ಗೆ ಬಣ್ಣದ ಪೆಟ್ಟಿಗೆ ಹಿಡಿದು ಬಂಡೆಕೇರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಕೊಡ, ಬಕೆಟ್ಟು, ಅನ್ನದ ಪಾತ್ರೆ, ಮಗುವಿನ ತೊಟ್ಟಿಲ ಕೆಳಗಿಡುವ ಬೋಗುಣಿ ಎಲ್ಲವನ್ನೂ ತುಂಬಿಸಿ ಸಾಲಾಗಿ ಇಟ್ಟಿದ್ದರು. ಮದಲೇನಮ್ಮ ಹಲಗೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಏನಪ್ಪ ಅಂತಪ್ಪ, ನಮ್ಮಪ್ಪನ ಸಂತನ್ನ ದೊಡ್ಡ ಮನುಷ್ಯನ್ನ ಮಾಡಕ್ ಬಂದ್ಯಾ?"

"ಒಂದೇ ದಿನ ಮದಲೇನಕ್ಕ. ನಾಡಿದ್ದು ಬಂದು ತೆಗೆದುಬಿಡ್ತೀನಿ."

"ಊರಲ್ಲಿ ಇರೋರ್ಗೆಲ್ಲ ಎರಡೆರಡು ಸಂತ್ರು. ಒಬ್ರು ಮೆರೆಯಕ್ಕೆ, ಒಬ್ರು ನೀರಿಗೆ. ನಮ್ಗಿರೋನು ಒಬ್ನೇ ಕಣಪ್ಪ. ನಮ್ಗೂ ಒಂದು ಅಡುಗೆಮನೆ ಇದ್ದಿದ್ರೆ ಅವನ್ನ ಒಳಗೆ ಅಡಗ್ಸಿಕೊಳ್ತಿದ್ವಿ." ಹಿಂದೆ ನಿಂತ ಹೆಂಗಸರು ನಕ್ಕರು. ಅವಳು ನಗಲಿಲ್ಲ. "ತೆಗೆಯಕ್ಕೆ ಆಗ್ತದೆ ತಾನೆ?"

"ಒಂದ್ಸಲ ಒರೆಸಿದ್ರೆ ಹೋಗ್ತದಕ್ಕ."

ಹೋಗುವ ಬಣ್ಣ ನನ್ನ ಪೆಟ್ಟಿಗೆಯಲ್ಲಿತ್ತು. ಸುಣ್ಣದ ನೀರಿನಲ್ಲಿ ಕಲಸಿದ ಹಳದಿ ಪುಡಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಇಳಿದುಬರುತ್ತದೆ. ಅದನ್ನು ಹಚ್ಚಬೇಕೆಂದೇ ಮನೆಯಿಂದ ಹೊರಟಿದ್ದೆ. ಆದರೆ ಕುಂಚ ಕೈಗೆತ್ತಿಕೊಂಡಾಗ ಧರ್ಮಾಧ್ಯಕ್ಷರ ಕಾರು ಇಲ್ಲಿ ನಿಂತಂತೆ, ಅವರು ಗಾಜು ಇಳಿಸಿ "ಇದನ್ನು ಬರೆದವರು ಯಾರು?" ಎಂದಂತೆ, ಪಟ್ಟಣದ ತಮ್ಮ ಪ್ರಧಾನ ದೇವಾಲಯದ ದೊಡ್ಡ ಗೋಡೆಗೆ ಬರೆಯಲು ನನ್ನನ್ನು ಕರೆಸಿದಂತೆ ಕಂಡಿತು. ಚೌರಪ್ಪನ ಮಸಿಯ ಪಕ್ಕದಲ್ಲಿ ಹಳದಿ ಪುಡಿ ಪೇಲವವಾಗಿ ಕಾಣುತ್ತದೆ ಅನ್ನಿಸಿತು. ಪೆಟ್ಟಿಗೆಯಿಂದ ಎಣ್ಣೆಬಣ್ಣ ತೆಗೆದು ಹಚ್ಚಿದೆ. ಅದರ ಮೇಲೆ ಚಿನ್ನದ ರೇಕು. ರೇಕಿನ ಮೇಲೆ, ಮಳೆಬಿಸಿಲಿಗೆ ಅಲುಗದ ವಾರ್ನಿಷ್ಷು. ಇದನ್ನು ನಾನು ಯಾರ ಬಲವಂತಕ್ಕೂ ಮಾಡಲಿಲ್ಲ. ಚೆನ್ನಾಗಿ ಬರೆಯುತ್ತೇನೆಂಬ ಜಂಬಕ್ಕೆ ಮಾಡಿದೆ.

ಮೊದಲ ಅಂತಸ್ತು ಮುಗಿದಾಗ ನೀರು ಕಿರುಬೆರಳಾಯಿತು. ಎರಡನೆಯದಕ್ಕೆ ಹನಿಯಾಯಿತು. ಮೂರನೆಯದರ ತುದಿಗೆ ಶಿಲುಬೆ ಇಟ್ಟಾಗ ನಿಂತಿತು. ನಲವತ್ತು ಮನೆಯವರು ನೋಡುತ್ತಿದ್ದರು. ಒಂದು ಮುದುಕಿ, "ಈಗ ಸಾಹುಕಾರ್ರ ಥರಾನೆ ಅವ್ನೆ ಬುಡು, ನಮ್ ಕಡೆ ತಿರುಗೂ ನೋಡಕ್ಕಿಲ್ಲ" ಎಂದಳು.

ಧರ್ಮಾಧ್ಯಕ್ಷರು ಬಂದರು. ಬಂಡೆಕೇರಿಯ ರಸ್ತೆಯಲ್ಲಿ ಜಲ್ಲಿ ಎದ್ದಿದೆಯೆಂದು ಡ್ರೈವರು ಮೂಡಲ ಕಡೆಯ ರಸ್ತೆಯಿಂದ ಕರೆತಂದ. ಪೂಜೆ ಅರ್ಪಿಸಿದರು, ಊಟ ಮಾಡಿದರು, ಬಂದ ದಾರಿಯಲ್ಲೇ ಹೋದರು. ಕಿರೀಟವನ್ನು ನೋಡಿದ್ದು ಬಂಡೆಕೇರಿಯ ನಾಯಿಗಳು.

ಮಾರನೆಯ ದಿನ ಮೇಷ್ಟ್ರ ಮನೆಗೆ ಹೋಗಿ, "ತೆಗೆದುಬಿಡ್ಲಾ?" ಎಂದೆ. "ಹಾಕಿದ್ದು ಸಮಿತಿ ತೀರ್ಮಾನ. ತೆಗೆಯೋಕೂ ತೀರ್ಮಾನ ಆಗ್ಬೇಕಲ್ಲ? ನೀನೇ ಹಾಕೋದು, ನೀನೇ ತೆಗೆಯೋದು ಅಂದ್ರೆ ಜಗದ್ಗುರುಗಳ ತಲೆ ಏನು ನಿಮ್ಮಪ್ಪನ ಮನೆ ಗೂಟವೇ?" ಎಂದರು. ಅವರ ಹೆಂಡತಿ ತಂದುಕೊಟ್ಟ ನೀರನ್ನು ಗಟಗಟ ಕುಡಿದು ಹೊರಟೆ. ಮುಂದಿನ ಸಭೆಗೆ ಇಬ್ಬರು ಮದುವೆಗೆ ಹೋಗಿದ್ದರಿಂದ ಕೋರಂ ಆಗಲಿಲ್ಲ. ಅದರ ಮುಂದಿನದಕ್ಕೆ ದಿನ ಗೊತ್ತಾಗಲಿಲ್ಲ. ನಾನು ಎರಡು ಸಲ ಕೇಳಿದೆ. ಎರಡು ಸಲ ಕೇಳಿದವನಿಗೆ ತಾನು ತುಂಬ ಹೋರಾಡಿದೆ ಅನ್ನಿಸಿಬಿಡುತ್ತದೆ.

ಬಂಡೆಕೇರಿಯ ಕೊಡಗಳು ಮೂರನೆಯ ದಿನಕ್ಕೆ ಬರಿದಾದವು. ಹೆಂಗಸರು ಊರೊಳಗೆ ಬಂದು ಮನೆಮನೆಯ ಮುಂದೆ ನಿಂತರು. ಮೊದಲೆರಡು ದಿನ ಜನ ಕೊಟ್ಟರು. ಆಮೇಲೆ ಬಾಗಿಲಲ್ಲಿ ಒಂದೇ ಮಾತು ಹುಟ್ಟಿಕೊಂಡಿತು. ಯಾರು ಮೊದಲು ಆಡಿದರೋ ಕಾಣೆ, ಎರಡೇ ದಿನದಲ್ಲಿ ಪ್ರಾರ್ಥನೆಯ ಹಾಗೆ ಎಲ್ಲರಿಗೂ ಬಾಯಿಪಾಠವಾಯಿತು. ಮನೆಯವರು ನಡುಮನೆಯ ಕಿರೀಟದ ಕ್ಲೆಮೆಂತರ ಕಡೆ ಕೈ ತೋರಿಸಿ, "ನೋಡ್ತಿದೀಯಲ್ಲಮ್ಮ, ನಮ್ಮ ಸಂತರೂ ಒಣಗವ್ರೆ" ಎನ್ನುತ್ತಿದ್ದರು. ಸುಳ್ಳಲ್ಲ. ಆ ಸಂತರು ಹುಟ್ಟಿದ ದಿನದಿಂದ ಒಣಗಿಯೇ ಇದ್ದವರು. ಬೀದಿಯಲ್ಲಿ ಹೋಗುವಾಗ ನನ್ನ ಪಾಪಿ ಕಿವಿಗೆ ಎಲ್ಲ ಕೇಳುತ್ತಿತ್ತು: ಬಾಗಿಲಲ್ಲಿ ಈ ಮಾತು, ಅದರ ಹಿಂದೆಯೇ ಹಿತ್ತಿಲ ಕಡೆಯಿಂದ ಕೊಡಕ್ಕೆ ಬೀಳುವ ನೀರಿನ ಸದ್ದು. ಫಾದರ್ ಇನ್ನಾಸಪ್ಪನವರು ಭಾನುವಾರದ ಪ್ರಬೋಧನೆಯಲ್ಲಿ ಬಾಯಾರಿದವರಿಗೆ ನೀರು ಕೊಡುವುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ನಡುವೆ ಎರಡು ಸಲ ನೀರು ಕುಡಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಮದಲೇನಮ್ಮ ನಮ್ಮ ಮನೆಗೆ ಬಂದಳು. ತುಟಿ ಸುಣ್ಣದ ಗೋಡೆಯಂತೆ ಬಿರಿದಿತ್ತು. ಕೈಯಲ್ಲಿ ಒಂದೇ ಚೊಂಬು. ಕೊಡ ತಂದಿರಲಿಲ್ಲ.

"ಸೊಸೆ ಹಡೆದು ನಾಕು ದಿನ ಆಯ್ತು ಕಣಪ್ಪ. ಮಗೀಗೆ ಮೈ ತೊಳೆದಿಲ್ಲ. ಅವಳ್ಗೆ ಗಂಜಿ ಕಾಯ್ಸಕ್ಕೆ ಒಂದು ಚೊಂಬು ಕೊಡು. ನನ್ಗೆ ಬ್ಯಾಡ."

ನನ್ನ ಹೆಂಡತಿ ರೆಜಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆಗ ನಾನು ಏನು ಮಾಡಿದೆನೆಂದು ಬರೆಯಲು ಈ ಪುಟದವರೆಗೆ ಬಂದಿದ್ದೇನೆ. ನೀರಿಗೆ ಕೊರತೆಯಿರಲಿಲ್ಲ. ಕೊಟ್ಟರೆ ಕೇಳುವವರಿರಲಿಲ್ಲ. ಆದರೂ, ನಾಲ್ಕೈದು ದಿನದಿಂದ ಎಲ್ಲ ಬಾಗಿಲಲ್ಲೂ ಕೇಳಿದ ಮಾತು ನನ್ನ ಬಾಯಲ್ಲಿ ತಾನಾಗಿ ಸಿದ್ಧವಾಗಿತ್ತು. ಕೈ ತಾನಾಗಿ ಎದ್ದು ನಡುಮನೆಯ ಗೋಡೆ ತೋರಿಸಿತು. "ನೋಡ್ತಿದೀಯಲ್ಲಕ್ಕ," ಎಂದೆ, "ನಮ್ಮ ಸಂತರೂ ಒಣಗವ್ರೆ."

ಮದಲೇನಮ್ಮ ಗೋಡೆಯ ಕಡೆ ನೋಡಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ ಕಿವಿಗೊಟ್ಟಳು. ಅಡುಗೆಮನೆಯಲ್ಲಿ ಹಿತ್ತಾಳೆ ಕೊಡಕ್ಕೆ ನೀರು ಬೀಳುತ್ತಿತ್ತು. ಕೊಡ ತುಂಬುತ್ತ ಬಂದ ಹಾಗೆ ಸದ್ದು ಸಣ್ಣದಾಗುತ್ತದೆ, ಮೇಲೇರುತ್ತದೆ. ನೀರು ಹಿಡಿದವರಿಗೆಲ್ಲ ಆ ಸದ್ದು ಗೊತ್ತು. ಮೂವರೂ ಅದು ಮೇಲೇರುವುದನ್ನು ಕೇಳುತ್ತ ನಿಂತೆವು.

"ಕೊಡ ತುಂಬ್ತು ಕಣೋ ಅಂತಪ್ಪ," ಎಂದಳು ಅವಳು. "ಎತ್ತಿಡು ಹೋಗು. ಚೆಲ್ಲೋಗ್ತದೆ."

ತಿರುಗಿ ಹೋದಳು. ರೆಜಿನಾ ಕೊಡವನ್ನೇ ಎತ್ತಿಕೊಂಡು ಹಿಂದೆ ಓಡಿದಳು. ನಾನು ನನ್ನದೇ ಚಿನ್ನದ ಕಿರೀಟದ ಕೆಳಗೆ ನಿಂತಿದ್ದೆ.

ಆಮೇಲೆ ಬಂದ ಸಿಟ್ಟು ಯಾರ ಮೇಲಿನದೆಂದು ವಿಂಗಡಿಸಲು ನನಗೆ ಈಗಲೂ ಆಗಿಲ್ಲ. ಮೇಷ್ಟ್ರ ಮೇಲೆ, ಕೋರಮ್ಮಿನ ಮೇಲೆ, ಜಲ್ಲಿ ಕಂಡು ದಾರಿ ಬದಲಿಸಿದ ಡ್ರೈವರಿನ ಮೇಲೆ, ಸಂತರು ಸತ್ತು ಸಾವಿರದ ಇನ್ನೂರು ವರ್ಷವಾದ ಮೇಲೆ ಮೊದಲ ಕಿರೀಟ ಇಟ್ಟ ಆ ಹೆಸರು ಗೊತ್ತಿಲ್ಲದ ಚಿತ್ರಕಾರನ ಮೇಲೆ ಒಟ್ಟಿಗೇ ಬಂತು. ಎಲ್ಲ ಸುತ್ತಾಡಿ ಕೊನೆಗೆ ವಾರ್ನಿಷ್ ಡಬ್ಬಿಯ ಮುಂದೆ ಬಂದು ನಿಂತಿತು. ಟರ್ಪೆಂಟೈನ್ ಸೀಸೆ, ಕೆರೆಯುವ ಅಲಗು, ಹಳೇ ಬಟ್ಟೆ ತೆಗೆದುಕೊಂಡು ಹೊರಟೆ. ಬಿಸಿಲು ನೆತ್ತಿಯ ಮೇಲಿತ್ತು. ಇಡೀ ಊರು ನೋಡಿತು, ನೋಡಲಿ ಎಂದೇ ನಡುಬೀದಿಯಲ್ಲಿ ಹೋದೆ.

ಟರ್ಪೆಂಟೈನ್ ಹಚ್ಚಿ ಉಜ್ಜಿದೆ. ವಾರ್ನಿಷ್ಷು ಮೈ ಅಲುಗಿಸಲಿಲ್ಲ. ಅಷ್ಟು ಚೆನ್ನಾಗಿ ಬಳಿದಿದ್ದೆ. ಮೇಷ್ಟ್ರು ಕೊಡೆ ಹಿಡಿದು ಬೆವರೊರೆಸಿಕೊಳ್ಳುತ್ತ ಬಂದರು.

"ಅಂತಪ್ಪ, ತೀರ್ಮಾನ ಆಗಿಲ್ಲ!"

"ಆಯ್ತು ಮೇಷ್ಟ್ರೇ. ನಂದಾಯ್ತು."

"ಸಂತರ ಮೈಮೇಲೆ ಅಲಗು ಆಡಿಸ್ತೀಯಾ? ಪಾಪ ಕಣಯ್ಯ!"

"ಅವರ ಕುತ್ತಿಗೆಗೆ ಲಂಗರು ಕಟ್ಟಿದೋರೂ ಪಾಪ ಅಂದಿರಲಿಲ್ಲ ಮೇಷ್ಟ್ರೇ, ನಿಯಮ ಅಂದಿದ್ರು. ನಿಮ್ಮ ಅಡುಗೆಮನೇಲಿ ಇರೋ ಬೋಳುತಲೆಯವರು ಯಾರು, ನಿಮ್ಮ ಚಿಕ್ಕಪ್ಪನಾ?"

ಕಲ್ಲು ಒಡೆಯುವವರು ಹೋ ಎಂದು ನಕ್ಕರು. ಒಂಬತ್ತು ದಿನದಲ್ಲಿ ಮೊದಲ ಸಲವೇನೋ. ನಲವತ್ತು ವರ್ಷ ಬಚ್ಚಿಟ್ಟ ಮಾತು ರಸ್ತೆಯಲ್ಲಿ ಬಿದ್ದಾಗ ಮನುಷ್ಯ ಅದರ ಮೇಲೆ ಕಾಲಿಡದೆ ದಾಟಿಹೋಗಲು ನೋಡುತ್ತಾನೆ. ಮೇಷ್ಟ್ರು ಹಾಗೆಯೇ, ಕೊಡೆ ಸ್ವಲ್ಪ ತಗ್ಗಿಸಿ, ಹೋದರು.

ನಾನು ಅಲಗು ಕೈಗೆತ್ತಿ ಮದಲೇನಮ್ಮನ ಕಡೆ ತಿರುಗಿದೆ. "ಅಕ್ಕ, ಒರೆಸಿದ್ರೆ ಹೋಗ್ತದೆ ಅಂದಿದ್ದೆ. ಹೋಗಲ್ಲ. ನಾನು ಹೋಗೋ ಬಣ್ಣ ಹಾಕ್ಲಿಲ್ಲ. ಕೆರೀಬೇಕು. ಕೆರೆದ್ರೆ ಅಡಿಯಲ್ಲಿರೋ ಚೌರಪ್ಪಣ್ಣನ ಬಣ್ಣಾನೂ ಬರ್ತದೆ. ಟವಲು ಹೋಗ್ತದೆ. ಹಣೆ ಹೋಗ್ತದೆ. ಮುಖ ಉಳೀತದೋ ಇಲ್ವೋ ಗೊತ್ತಿಲ್ಲ."

ಅವಳು ಹಲಗೆಯ ಮೇಲೆ ಕೈಯಾಡಿಸಿದಳು. ಅಪ್ಪನ ಕೈಗುರುತೆಂದು ಅವಳಿಗೆ ಉಳಿದಿದ್ದುದು ಅದೊಂದೇ. "ಮುಖ ನಮ್ಗೇನ್ ಮಾಡ್ತದೆ," ಎಂದಳು. "ಮುಖ ಇರೋ ಊರೋರ್ನೆಲ್ಲ ನೋಡಿದ್ವಲ್ಲ ಒಂಬತ್ತು ದಿನ. ಕೆರಿ."

ಕೆರೆದೆ. ಮೂರನೆಯ ಅಂತಸ್ತು ಚೂರಾಗಿ ಉದುರಿತು. ಎರಡನೆಯದರ ಜೊತೆ ಟವಲು ಹೋಯಿತು. ಮೊದಲನೆಯದು ಕಿತ್ತು ಬರುವಾಗ ಹಣೆಯನ್ನೂ ಹುಬ್ಬನ್ನೂ ಹಿಡಿದುಕೊಂಡೇ ಬಂತು. ಉಳಿದದ್ದು ಕೆಳಗೆ ನೆಲ ನೋಡುತ್ತಿದ್ದ ಎರಡು ಕಣ್ಣು, ಗಡ್ಡ, ಪಿಕಾಸಿ. ಅವುಗಳ ಮೇಲೆ ಬರೀ ಮರ. ಆ ಹಲಗೆ ಈಗಲೂ ಹಾಗೆಯೇ ಇದೆ. ತುಂಬಿ ಬರೆಯುತ್ತೇನೆಂದು ನಾನು ಕೇಳಿಲ್ಲ, ಅವರೂ ಕರೆದಿಲ್ಲ.

ಅಲಗು ಕೆಳಗಿಡುವ ಮೊದಲೇ ಕುರಿಯ ಕಾಲಬುಡ ಕಪ್ಪಾಯಿತು, ಒದ್ದೆಯಾಯಿತು, ಆಮೇಲೆ ಬಂತು. ಒಂಬತ್ತು ದಿನದ ನೀರು ಒಟ್ಟಿಗೇ ಬಂದಂತೆ ಬಂತು. ಉದುರಿದ ರೇಕು, ವಾರ್ನಿಷ್ಷಿನ ಸಿಪ್ಪೆ, ಟರ್ಪೆಂಟೈನು ಎಲ್ಲವನ್ನೂ ತೊಳೆದುಕೊಂಡು ಹಳದಿಯಾಗಿ ಸುರಿಯಿತು. ಮಕ್ಕಳು ಬೊಗಸೆ ಹಿಡಿದು ನುಗ್ಗಿದವು. ಮದಲೇನಮ್ಮ ಅಡ್ಡ ಕೈಹಾಕಿ ತಡೆದಳು. "ಯಾರೂ ಮುಟ್ಬ್ಯಾಡಿ. ಮೊದಲ್ನೇದು ಅಂತಪ್ಪಂದು."

ಚೌರಪ್ಪನ ಆ ಸೊಟ್ಟ ಲೋಟವನ್ನೇ ತಂದಳು. ಹಿಡಿದಳು. ನನ್ನ ಕೈಗಿಟ್ಟಳು. ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು, ತಳದಲ್ಲಿ ಚಿನ್ನದ ಚೂರು ಮಿನುಗುತ್ತಿತ್ತು. ಸುತ್ತ ನಲವತ್ತು ಮನೆಯವರು ಒಣಗಿದ ತುಟಿಯಲ್ಲಿ ನಿಂತಿದ್ದರು. ಕುಡಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಖಾಲಿ ಲೋಟವನ್ನು ಅವಳ ಕಡೆ ನೀಡಿದೆ.

ಅವಳು ಅದನ್ನು ತೆಗೆದುಕೊಂಡು ಮತ್ತೆ ಧಾರೆಯ ಕೆಳಗೆ ಹಿಡಿದಳು.

"ಮೂರಂತಸ್ತಲ್ವೇನಪ್ಪ ನೀನು ಕಟ್ಟಿದ್ದು?" ಎಂದಳು. "ಇನ್ನೂ ಎರಡವೆ. ಕುಡಿ."